ರೋಜಿಯ ಮೂಗು, ಅಯ್ಯನವರ ಜೇಬು

ನನಗೊಂದು ಕೆಟ್ಟ ಅಭ್ಯಾಸವಿದೆ. ಏನೇ ಕೈಗೆ ಬಂದರೂ ಮೊದಲು ಅದನ್ನು ಮೂಗಿನ ಹತ್ತಿರ ಒಯ್ಯುತ್ತೇನೆ. ಬಸ್ಸಿನ ಟಿಕೀಟು, ಹೊಸ ಬನಿಯನ್ನು, ಪೋಸ್ಟ್‌ಮನ್ ತಂದ ಕಾರ್ಡು, ಯಾವುದಕ್ಕೂ ವಿನಾಯಿತಿ ಇಲ್ಲ. ಮೂಸಿ ನೋಡಿ, ಇನ್ನೂ ಕೆಟ್ಟಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಕೆಲಸ. "ನಾಯಿ ಹಂಗೆ ಮೂಸ್ತೀಯಲ್ಲೋ ಶೇಕ್ರಾ, ಯಾರು ಹೆಣ್ಣು ಕೊಡ್ತಾರೋ ನಿಂಗೆ?" ಎಂದು ನಮ್ಮವ್ವ ಬೈಯುತ್ತಿದ್ದಳು. ಅವಳು ಆಡಿದ್ದು ನಿಜವಾಗುವುದು ಜಾಸ್ತಿ. ಹೋದ ವರ್ಷ ಸಾಸ್ವೆಹಳ್ಳಿಗೆ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಕೈಗೆ ಬಂತು. ಅಭ್ಯಾಸಬಲದಿಂದ ತಟ್ಟೆಯನ್ನು ಮೂಗಿಗೆ ತಂದೆ, ಎರಡು ಸಲ ಉಸಿರೆಳೆದೆ, ತಲೆ ಅಲ್ಲಾಡಿಸಿದೆ. ಪರವಾಗಿಲ್ಲ, ತಿನ್ನಬಹುದು ಎನ್ನುವುದು ನನ್ನ ಅರ್ಥ. ಆದರೆ ಉಪ್ಪಿಟ್ಟು ಮಾಡಿದ್ದು ಹುಡುಗಿಯೇ ಎಂದು ಅವಳ ತಂದೆ ಆಗತಾನೇ ಹೇಳಿ ಮುಗಿಸಿದ್ದರು. ವಾಪಸ್ ಬರುವಾಗ ನಮ್ಮೂರು ನ್ಯಾಮತಿ ಬರುವ ತನಕ ಅವ್ವ ಬಸ್ಸಿನ ಕಿಟಕಿ ಕಡೆ ಮುಖ ತಿರುಗಿಸಿ ಕೂತಳು. ನಾನು ಬೇಜಾರಿಗೆ ಟಿಕೀಟು ಮೂಸುತ್ತ ನಿಂತಿದ್ದೆ.

ಈ ರೋಗ ಹುಟ್ಟಿನಿಂದ ಬಂದದ್ದಲ್ಲ, ಉದ್ಯೋಗದಿಂದ ಬಂದದ್ದು. ನಾಲ್ಕೈದು ವರ್ಷದ ಹಿಂದೆ ಒಂದು ನಾಟಕ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕೆಲಸ ಏನೆಂದರೆ, ನಾಯಿಯ ತಿನಿಸು ಡಬ್ಬಿಯದಿರಬೇಕೋ ಐಸಿನದಿರಬೇಕೋ ಎಂದು ತೀರ್ಮಾನಿಸುವುದು. ನಗಬೇಡಿ. ಅಷ್ಟು ಜವಾಬ್ದಾರಿಯ ಕೆಲಸವನ್ನು ನನಗೆ ಅದಕ್ಕೆ ಮುಂಚೆ ಯಾರೂ ಕೊಟ್ಟಿರಲಿಲ್ಲ, ಆಮೇಲೂ ಕೊಟ್ಟಿಲ್ಲ. ನನಗೀಗ ಇನ್ನೂ ಇಪ್ಪತ್ತಾರು. ಆದರೂ ಆ ದಿನಗಳನ್ನು ನೆನೆದರೆ ಅರವತ್ತು ದಾಟಿದವನ ಹಾಗೆ ಮಂಡಿ ಹಿಡಿದುಕೊಳ್ಳುತ್ತದೆ.

ಆಗ ನಾನು ಪಿಯುಸಿ ಫೇಲು. ಇಂಗ್ಲಿಷ್ ಒಂದು ಬಿಟ್ಟು ಬಾಕಿ ಎಲ್ಲದರಲ್ಲೂ ಹೋಗಿತ್ತು. ಇಂಗ್ಲಿಷ್ ಯಾಕೆ ಪಾಸಾಯಿತೋ ಆಗ ಗೊತ್ತಾಗಿರಲಿಲ್ಲ. ನನ್ನನ್ನು ಹಾಳು ಮಾಡಲಿಕ್ಕೆ ಎಂದು ಆಮೇಲೆ ತಿಳಿಯಿತು. ಹೊನ್ನಾಳಿಯಲ್ಲಿ ನಾಟಕ ಕಂಪನಿಯೊಂದು ಕ್ಯಾಂಪು ಹಾಕಿತ್ತು. ನಾನು ಕನ್ನಡಿ ಮುಂದೆ ನಿಂತು ಹುಬ್ಬು ಹಾರಿಸುವುದನ್ನು ಕಲಿತಿದ್ದೆ. ಹೀರೋ ಆಗುವುದಕ್ಕೆ ಇನ್ನೇನು ಬೇಕು ಎಂದುಕೊಂಡು ಕಂಪನಿ ಮಾಲೀಕರ ಮುಂದೆ ಹೋಗಿ ನಿಂತೆ. ರಾಜನೊಬ್ಬ ಮಗನನ್ನು ಕಳೆದುಕೊಂಡು ಗೋಳಾಡುವ ಮಾತುಗಳನ್ನು ನನ್ನ ಕೈಲಾದಷ್ಟು ಜೋರಾಗಿ ಹೇಳಿದೆ. ಮೂಲೆಯಲ್ಲಿ ಮಲಗಿದ್ದ ಒಂದು ಅಲ್ಸೇಷನ್ ನಾಯಿ ತಲೆಯೆತ್ತಿ ನನ್ನನ್ನು ನೋಡಿತು, ದೊಡ್ಡದಾಗಿ ಆಕಳಿಸಿತು, ಮತ್ತೆ ಮಲಗಿತು.

"ನಿನ್ ದನಿ ಅದಕ್ಕೆ ಹಿಡಿಸೈತೆ ನೋಡು," ಎಂದರು ಮಾಲೀಕರು. "ನಾಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಪಾಪ. ನೀನು ಇರು. ಪೀರಣ್ಣಂಗೆ ಒಬ್ಬ ಹುಡುಗ ಬೇಕಾಗಿದ್ದ."

"ಪಾತ್ರ ಯಾವುದ್ರೀ?" ಎಂದು ಕೇಳಿದೆ.

"ನಾಯಿಗೆ ಊಟ ಹಾಕೋದು."

ಮನೆಗೆ ಹೋಗಿ ಅವ್ವನಿಗೆ ಅನ್ನದಾತನ ಪಾತ್ರ ಸಿಕ್ಕಿದೆ ಎಂದೆ. ಅವ್ವ ಕೇರಿಗೆಲ್ಲ ಸಕ್ಕರೆ ಹಂಚಿದಳು.

ಆ ನಾಯಿಯ ಹೆಸರು ರೋಜಿ. ಕಂಪನಿಯಲ್ಲಿ ಹೀರೋಯಿನ್ನಿಗಿಂತ ರೋಜಿಗೆ ಹೆಸರು ಜಾಸ್ತಿ. ನಾಟಕದ ಹೆಸರಿನಲ್ಲಿ ಸೊಸೆ ಇದ್ದಳು, ಬೋರ್ಡಿನ ಮೇಲಿನ ಚಿತ್ರದಲ್ಲಿ ನಾಯಿ ಇತ್ತು. ಕಥೆ ಇಷ್ಟೆ: ಮನೆಯ ಯಜಮಾನನನ್ನು ಯಾರೋ ಕೊಂದಿದ್ದಾರೆ, ಕೊಲೆಗಾರ ಯಾರೆಂದು ಯಾರಿಗೂ ಗೊತ್ತಿಲ್ಲ. ಕಡೆಯ ಅಂಕದಲ್ಲಿ ಮದುವೆ ನಡೆಯುತ್ತಿರುವಾಗ ರೋಜಿ ಬರುತ್ತಾಳೆ. ಬೀಗರು, ಬಿಜ್ಜರು, ವಾಲಗದವರು, ಎಲ್ಲರನ್ನೂ ಮೂಸುತ್ತ ಮೂಸುತ್ತ ಹೋಗಿ, ಸಂಭಾವಿತನ ಹಾಗೆ ಕೈಕಟ್ಟಿ ನಿಂತ ವಿಲನ್ನಿನ ಧೋತ್ರವನ್ನು ಗಬಕ್ಕನೆ ಹಿಡಿಯುತ್ತಾಳೆ. ಶಿಳ್ಳೆಯೋ ಶಿಳ್ಳೆ. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಜನ ಬರುತ್ತಿದ್ದುದು ಆ ಒಂದು ಗಬಕ್ಕಿಗಾಗಿ.

ಆ ಗಬಕ್ಕಿನ ಗುಟ್ಟು ವಿಲನ್ನಿನ ಕೋಟಿನ ಜೇಬಿನಲ್ಲಿತ್ತು. ರೋಜಿಗೆ ಪ್ರಿಯವಾದ ತಿನಿಸನ್ನು ಒಂದು ಗುಕ್ಕು ಕಾಗದದಲ್ಲಿ ಸುತ್ತಿ ಅಲ್ಲಿಡುತ್ತಿದ್ದರು. ಅವಳು ವಾಸನೆ ಹಿಡಿದು ಬರುತ್ತಿದ್ದಳು. ಅವಳನ್ನು ಸಾಕಿ ಪಳಗಿಸಿದವನು ಪೀರಣ್ಣ. ಹಿಂದೆ ಸರ್ಕಸ್ಸಿನಲ್ಲಿದ್ದವನು, ಹೆಂಡತಿ ಮಕ್ಕಳಿಲ್ಲದವನು, ರೋಜಿಯ ಹಾಸಿಗೆಯ ಪಕ್ಕವೇ ತನ್ನ ಚಾಪೆ ಹಾಸುವವನು. ನಾನು ಸೇರಿದ ಮೊದಲನೇ ವಾರವೇ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ತಮ್ಮಾ, ಯಾರಿಗೂ ಹೇಳಬ್ಯಾಡ. ಇವಳಿಗೆ ವಯಸ್ಸಾತು. ಮೂಗು ಮೊದಲಿನಂಗಿಲ್ಲ. ವಾಸನಿ ಜೋರಾಗಿ ಇರಬೇಕು, ಇಲ್ಲಾಂದ್ರೆ ತಿಳಿಯಾಂಗಿಲ್ಲ ಇವಳಿಗೆ. ಮಾಲೀಕ್ರು ಆಗ್ಲೇ ಭದ್ರಾವತಿ ಕಡೆ ಒಂದು ಮರಿ ನೋಡಿ ಬಂದಾರೆ. ಇವಳು ಒಂದ್ಸಲ ತಪ್ಪಿದ್ರೆ ನಮ್ಮಿಬ್ರಿಗೂ ಗೇಟ್ ಪಾಸು."

"ಎಲ್ಲಿಗೆ ಹೋಗ್ತೀಯ ಪೀರಣ್ಣ?"

"ಅದೇ ಗೊತ್ತಿಲ್ಲದ್ದಕ್ಕೇ ನಿಂಗೆ ಹೇಳಾಕತ್ತೀನಿ," ಎಂದ ಅವನು.

ಅವನು ಹೇಳಿದ್ದು ಸುಳ್ಳಲ್ಲ. ಊರೂರಿಗೆ ವೀಡಿಯೋ ಬರತೊಡಗಿದ್ದ ಕಾಲ. ಕುರ್ಚಿಗಳು ಖಾಲಿ ಹೊಡೆಯುತ್ತಿದ್ದವು. ಮಾಲೀಕರು ದಿನಾ ಪರದೆಯ ತೂತಿನಿಂದ ಜನರನ್ನು ಎಣಿಸಿ ನಿಟ್ಟುಸಿರು ಬಿಡುತ್ತಿದ್ದರು. ಹಾಗಾಗಿ ರೋಜಿಯ ಮೂಗಿನ ಮರ್ಯಾದೆ ಉಳಿಸುವ ಭಾರ ಅವಳ ಊಟದ ಮೇಲೆ, ಎಂದರೆ ನನ್ನ ಮೇಲೆ ಬಿತ್ತು.

ಊಟ ಬರುತ್ತಿದ್ದುದು ಡಬ್ಬಿಯಲ್ಲಿ. ಚನ್ನಗಿರಿಯ ಅಡಿಕೆ ಸಾಹುಕಾರರೊಬ್ಬರು ರೋಜಿಯ ಅಭಿಮಾನಿ. ವ್ಯಾಪಾರಕ್ಕೆ ಬೊಂಬಾಯಿಗೆ ಹೋದಾಗಲೆಲ್ಲ ಅಲ್ಲಿನ ಫಾರಿನ್ ಮಾಲಿನ ಬಜಾರಿನಿಂದ ನಾಯಿಯ ಚಿತ್ರವಿದ್ದ ಡಬ್ಬಿಗಳನ್ನು ತಂದು ಕಂಪನಿಗೆ ಕಳಿಸುತ್ತಿದ್ದರು. ಡಬ್ಬಿ ಒಡೆಯುವ ಸಲಕರಣೆ ನಮ್ಮಲ್ಲಿರಲಿಲ್ಲ. ಸುತ್ತಿಗೆ ಮತ್ತು ಮೊಳೆ ಹಿಡಿದು ಸುತ್ತಲೂ ತೂತು ಹೊಡೆದು ಬಾಯಿ ಬಿಡಿಸಬೇಕು. ಬಿಟ್ಟ ಕೂಡಲೇ ಒಂದು ವಾಸನೆ ಏಳುತ್ತಿತ್ತು ನೋಡಿ, ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ರಾಜನ ಪೋಷಾಕೂ ಎದ್ದು ಕೂರಬೇಕು. ನಾನು ಕೋಳಿಮೊಟ್ಟೆಯನ್ನೂ ಮುಟ್ಟದ ಮನೆಯವನು. ಮುಖ ಆ ಕಡೆ ತಿರುಗಿಸಿ, ಉಸಿರು ಹಿಡಿದು, ಚಮಚವನ್ನು ಮೊಳದುದ್ದದ ಕಡ್ಡಿಗೆ ಕಟ್ಟಿಕೊಂಡು ಬಡಿಸುತ್ತಿದ್ದೆ. ರೋಜಿಗೆ ಹಲ್ಲು ಸವೆದಿದ್ದವು, ಮೆತ್ತಗಿನ ಆ ಡಬ್ಬಿಯ ತಿನಿಸು ಅವಳಿಗೆ ಅಮೃತ. ಎಲ್ಲ ಸರಿಯಾಗಿ ನಡೆದಿತ್ತು, ನನ್ನ ಇಂಗ್ಲಿಷ್ ಮಧ್ಯೆ ಬರುವ ತನಕ.

ವಿಲನ್ನಿನ ಪಾತ್ರ ಮಾಡುತ್ತಿದ್ದವರು ಚನ್ನಬಸಯ್ಯನವರು. ಕಂಪನಿಯಲ್ಲೆಲ್ಲ ಅವರನ್ನು ಅಯ್ಯನವರು ಎಂದೇ ಕರೆಯುವುದು. ಸ್ಟೇಜಿನ ಮೇಲೆ ಅವರು ನಕ್ಕರೆ ಮುಂದಿನ ಸಾಲಿನ ಕೂಸುಗಳು ಉಚ್ಚೆ ಹೊಯ್ದುಕೊಳ್ಳಬೇಕು. ಸ್ಟೇಜು ಇಳಿದರೆ ಇರುವೆ ಸಾಲನ್ನು ದಾಟಿ ಕಾಲಿಡುವಷ್ಟು ಸಾಧು. ದಿನಾ ಸ್ನಾನ, ಕೊರಳಿನ ಲಿಂಗಕ್ಕೆ ಪೂಜೆ, ವಿಭೂತಿ, ಆಮೇಲೆಯೇ ನೀರು. ಅಂಥವರ ಜೇಬಿನಲ್ಲಿ ಇಡುವ ಪೊಟ್ಟಣದಲ್ಲಿ ಬೊಂಬಾಯಿ ಬಿಸ್ಕೀಟಿನ ಹಿಟ್ಟು ಇದೆ ಎಂದು ಪೀರಣ್ಣ ಹೇಳಿದ್ದ. ಅಯ್ಯನವರು ನಂಬಿದ್ದರು. "ಬಿಸ್ಕೀಟು ಹಿಂಗ್ಯಾಕೆ ನಾರ್ತದೋ ಪೀರಾ?" ಎಂದು ಒಮ್ಮೆ ಕೇಳಿದ್ದರಂತೆ. "ದೊಡ್ಡ ಊರಿನ ಬಿಸ್ಕೀಟು ಅಲ್ಲೇನ್ರೀ," ಎಂದಿದ್ದನಂತೆ ಪೀರಣ್ಣ.

ಒಂದು ಮಧ್ಯಾಹ್ನ ಕಂಪನಿಯವರೆಲ್ಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾಗ, ಪಿಯುಸಿ ಓದಿದವನು ಎಂದು ತೋರಿಸಿಕೊಳ್ಳುವ ಹುಮ್ಮಸ್ಸು ನನಗೆ ಬಂತು. ಹೀರೋಯಿನ್ನು ಎದುರಿಗೇ ಕೂತಿದ್ದಳು ಎನ್ನುವುದು ಬೇರೆ ವಿಷಯ. ಡಬ್ಬಿಯೊಂದನ್ನು ಎತ್ತಿ ಹಿಡಿದು, ರೇಡಿಯೋದಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ ಲೇಬಲ್ಲು ಓದತೊಡಗಿದೆ. ಬರೀ ಓದಿದ್ದರೆ ಬದುಕುತ್ತಿದ್ದೆ. ಕನ್ನಡದಲ್ಲಿ ಅರ್ಥವನ್ನೂ ಹೇಳಿದೆ. ಕೋಳಿ ಎಂದೆ. ಪಿತ್ತಜನಕಾಂಗ ಎಂದೆ. ಆ ಪದ ಗೊತ್ತಿದ್ದುದಕ್ಕೆ ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಅಯ್ಯನವರ ಕೈಯಲ್ಲಿನ ರೊಟ್ಟಿ ಹಾಗೇ ನಿಂತಿತು.

"ಕೋಳಿಯಾ?" ಎಂದರು.

ಪೀರಣ್ಣ ನನ್ನ ಕಾಲು ತುಳಿದ. ಪ್ರೋತ್ಸಾಹ ಎಂದುಕೊಂಡು ನಾನು, "ಹೌದ್ರೀ ಅಯ್ಯನೋರೇ, ಅದೂ ಒಳಗಿನ ಪಾರ್ಟು," ಎಂದು ವಿವರಿಸಿದೆ.

ಅಯ್ಯನವರು ಎದ್ದರು. ಮೈಮೇಲಿದ್ದ ಬಟ್ಟೆ ಸಮೇತ ನೆಟ್ಟಗೆ ತುಂಗಭದ್ರೆಗೆ ನಡೆದರು. ಎಷ್ಟು ಹೊತ್ತು ಮುಳುಗಿ ಎದ್ದರೋ ಲೆಕ್ಕವಿಲ್ಲ. ನೀರು ಸೋರಿಸಿಕೊಂಡು ವಾಪಸ್ ಬಂದು ಮಾಲೀಕರ ಮುಂದೆ ನಿಂತು ಒಂದೇ ಮಾತು ಹೇಳಿದರು. "ಲಿಂಗ ಕಟ್ಟಿದ ಮೈಗೆ ಇಷ್ಟು ದಿನ ಕೋಳಿ ಕಟ್ಟಿದ್ರಲ್ಲೋ. ಇನ್ನು ನಿಮ್ಮ ಡಬ್ಬಿ ನನ್ನ ಜೋಬಿಗೆ ಬರಂಗಿಲ್ಲ."

ಮಾಲೀಕರು ನನ್ನ ಕಡೆ ತಿರುಗಿದರು. "ಇಂಗ್ಲಿಷು ಓದಿದೋನೇ, ನೀನೇ ದಾರಿ ಹುಡುಕು. ನಾಯಿ ಅಯ್ಯನೋರನ್ನ ಹಿಡೀಬೇಕು, ಅಯ್ಯನೋರು ಮಾಂಸ ಮುಟ್ಟಬಾರದು. ಆಗ್ಲಿಲ್ಲಾಂದ್ರೆ ಮುಂದಿನ ಜಗಳೂರು ಕ್ಯಾಂಪಿಗೆ ಹೊಸ ನಾಯಿ, ಹೊಸ ಮನುಷ್ಯ."

ಹೊಸ ಮನುಷ್ಯ ಎಂದರೆ ಪೀರಣ್ಣನ ಜಾಗಕ್ಕೆ. ಅವನು ಆಚೆ ನಿಂತು ರೋಜಿಯ ಕಿವಿ ಸವರುತ್ತಿದ್ದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅವತ್ತು ಅನ್ನ ಸ್ವಲ್ಪ ಹೊಟ್ಟೆಗೆ ಸೇರುತ್ತಿತ್ತು.

ಅಲ್ಲಿಂದ ಶುರುವಾಯಿತು ನನ್ನ ತಿರುಗಾಟ. ಮೊದಲು ಚನ್ನಗಿರಿಗೆ ಹೋದೆ. ನಿಂತುಕೊಂಡೇ ಹೋದೆ, ನನ್ನ ಜೀವಮಾನದ ಬಸ್ಸುಗಳಲ್ಲಿ ಸೀಟು ಎನ್ನುವುದು ಬೇರೆಯವರಿಗೆ. ಸಾಹುಕಾರರ ಅಡಿಕೆ ಮಂಡಿಯಲ್ಲಿ ಕೂತು, "ಸಸ್ಯಾಹಾರಿ ಡಬ್ಬಿ ಏನಾದ್ರೂ ಸಿಗ್ತಾವೇನ್ರೀ ಬೊಂಬಾಯಾಗೆ?" ಎಂದು ಕೇಳಿದೆ.

"ಸಿಗ್ತಾವೆ ಬಿಡು, ಬಟಾಣಿ ಕಾಳಿನ ಡಬ್ಬಿ," ಎಂದರು ಅವರು ಅಡಿಕೆ ಕತ್ತರಿಸುತ್ತ. "ನಾಯಿ ಬಟಾಣಿ ವಾಸನಿಗೆ ಕೊಲೆಗಾರನ್ನ ಹಿಡೀತದೇನೋ? ಲೇ, ನಾನು ಡಬ್ಬಿ ತರೋದು ರೋಜಿ ಹೊಟ್ಟಿಗೆ. ಅಯ್ಯನೋರ ಜೋಬಿನ ಪಂಚಾಯ್ತಿ ನಂಗೆ ತರಬ್ಯಾಡ."

ವಾಪಸ್ಸಿಗೂ ನಿಂತುಕೊಂಡೇ ಬಂದೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಸುಸ್ತಾಗಿ ಒಂದು ಐಸ್‌ಕ್ಯಾಂಡಿ ತಗೊಂಡು ಚೀಪುತ್ತ ನಿಂತಾಗ, ನನ್ನ ತಲೆಗೆ ಅಪರೂಪಕ್ಕೊಂದು ಬೆಳಕು ಬಿತ್ತು. ಕ್ಯಾಂಡಿಯನ್ನು ನಾನು ಮುಟ್ಟುತ್ತಲೇ ಇಲ್ಲ! ಮುಟ್ಟಿರುವುದು ಕಡ್ಡಿಯನ್ನು!

ಕ್ಯಾಂಡಿ ಫ್ಯಾಕ್ಟರಿಯವನು ಒಪ್ಪುವ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಯಿತು. "ಜನಕ್ಕೆ ಗೊತ್ತಾದ್ರೆ ನನ್ನ ಮಶೀನಿನಾಗೇ ನನ್ನ ಹಾಕ್ತಾರೆ," ಎಂದ. ಕಡೆಗೆ, ಸೋರುತ್ತದೆ ಎಂದು ಬಿಸಾಕಿದ್ದ ಹಳೇ ಅಚ್ಚೊಂದನ್ನು ಕೊಟ್ಟ. ಅದಕ್ಕೆ ಮೇಣ ಮೆತ್ತಿ, ಪೀರಣ್ಣ ತಂದ ಕುರಿಮಾಂಸದ ಚೂರುಗಳನ್ನು ಹಾಕಿ, ನೀರು ತುಂಬಿ, ಬಿದಿರು ಕಡ್ಡಿ ನೆಟ್ಟು, ಅವನ ಐಸ್‌ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಬೇರೆಯಾಗಿ ಇಟ್ಟೆವು. ಮಾರನೇ ದಿನ ಕೆಂಪಗೆ ಗಟ್ಟಿಯಾದ ಮಾಂಸದ ಕ್ಯಾಂಡಿ ಈಚೆ ಬಂತು. ಜಗತ್ತಿನಲ್ಲಿ ಇನ್ಯಾರೂ ಅದನ್ನು ಮಾಡಿರಲಾರರು, ಮಾಡಬೇಕಾದ ಗತಿಯೂ ಯಾರಿಗೂ ಬಂದಿರಲಾರದು.

ಅದನ್ನು ಅಯ್ಯನವರ ಮುಂದೆ ಹಿಡಿದಾಗ ಅವರು ದೂರದಿಂದಲೇ ಬಗ್ಗಿ ನೋಡಿದರು.

"ಕಡ್ಡಿ ಯಾತರದ್ದು?"

"ಬಿದಿರಿಂದ್ರೀ."

"ಬಿದಿರಿಗೆ ದೋಷ ಇಲ್ಲ. ಮ್ಯಾಲೆ ಕಟ್ಟಿರೋದು?"

"ಬರೇ ನೀರು. ತುಂಗಭದ್ರೆ ನೀರು."

"ಹಂಗಾದ್ರೆ ನನಗೂ ಮಾಂಸಕ್ಕೂ ನಡುವೆ ಹೊಳಿ ಐತೆ," ಎಂದು ಅಯ್ಯನವರು ತೀರ್ಪು ಕೊಟ್ಟರು. "ಕೋಟಿನ ಹೊರಗೆ ಚೀಲ ಕಟ್ಟು. ಕಡ್ಡಿ ನೀನೇ ಹಿಡಿದು ಇಡು. ಕರಗೋಕೆ ಮುಂಚೆ ತೆಗೀಬೇಕು ಮತ್ತೆ."

ಕಷ್ಟ ಇದ್ದದ್ದೇ ಅಲ್ಲಿ. ಗಟ್ಟಿಯಿದ್ದಾಗ ಅದಕ್ಕೆ ವಾಸನೆಯೇ ಇಲ್ಲ. ಮೊದಲ ದಿನ ರೋಜಿ ಅಯ್ಯನವರನ್ನು ದಾಟಿ ಹೋಗಿ ಹಾರ್ಮೋನಿಯಂ ಮಾಸ್ತರರ ಪಕ್ಕ ಕೂತುಬಿಟ್ಟಳು. ಮಾಸ್ತರರು ಬೆದರಿ ಎರಡು ಕೈಯನ್ನೂ ಮೇಲೆತ್ತಿದರು. ಪೀರಣ್ಣ ವಿಂಗಿನಲ್ಲಿ, ಸ್ಟೇಜಿನ ಪಕ್ಕದ ಮರೆಯಲ್ಲಿ, ನಿಂತು ಸನ್ನೆ ಮಾಡಿ ಮಾಡಿ ಅವಳನ್ನು ಹೇಗೋ ಅಯ್ಯನವರ ಹತ್ತಿರ ತಂದ. ಪರದೆ ಬಿದ್ದ ಮೇಲೆ ಮಾಲೀಕರು, "ಇದು ಒಂದು. ಇನ್ನೊಂದು ಸಲ ಆಗಬಾರದು," ಎಂದು ಹೋದರು.

ಎಂದರೆ ಡಬ್ಬಿಗೆ ವಾಸನೆ ಇದೆ, ಮಡಿ ಇಲ್ಲ. ಐಸಿಗೆ ಮಡಿ ಇದೆ, ವಾಸನೆ ಇಲ್ಲ. ಡಬ್ಬಿ ಕೋಣೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ, ಐಸು ಕೂಸಿನ ಹಾಗೆ ಗಳಿಗೆಗೊಮ್ಮೆ ನೋಡಿಕೊಳ್ಳಬೇಕು. ಮದುವೆ ಸೀನಿನಲ್ಲಿ ಹಾಸ್ಯದ ಜೋಡಿ ಒಂದು ಹಾಡು ಹಾಡುತ್ತದೆ. ಹಾಡು ಶುರುವಾದಾಗ ಕ್ಯಾಂಡಿಯನ್ನು, ಕರಗದಂತೆ ಹೂತಿಟ್ಟಿದ್ದ ಮರದ ಹೊಟ್ಟಿನಿಂದ ತೆಗೆದು ಅಯ್ಯನವರಿಗೆ ಕಟ್ಟಿದರೆ, ಮುಗಿಯುವ ಹೊತ್ತಿಗೆ ಅದು ಬೆವರಿ, ವಾಸನೆ ಬಿಟ್ಟು, ಸೋರುವುದಕ್ಕೆ ಇನ್ನೂ ಸ್ವಲ್ಪ ಬಾಕಿ ಇರುತ್ತದೆ. ಅದನ್ನು ಕಂಡುಹಿಡಿಯುವ ತನಕ ನಾನು ಮೂಸಿದ ಕ್ಯಾಂಡಿಗಳ ಪಾಪ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮೂಗಿಗೆ ಅಂಟಿಕೊಂಡ ಅಭ್ಯಾಸ ಅದೇ. ಹೊನ್ನಾಳಿ ಕ್ಯಾಂಪು ಮುಗಿಯುವವರೆಗೆ ಅದು ಹೇಗೋ ನಡೆಯಿತು. ರೋಜಿ ನಿಧಾನಕ್ಕೆ, ಯೋಚಿಸಿ ಯೋಚಿಸಿ, ಆದರೂ ಅಯ್ಯನವರ ಹತ್ತಿರವೇ ಬರುತ್ತಿದ್ದಳು.

ಆಮೇಲೆ ಕಂಪನಿ ಜಗಳೂರಿಗೆ ಹೊರಟಿತು.

ಜಗಳೂರಿನ ಬಿಸಿಲಿನ ವಿಷಯ ನಾನು ಹೇಳಬೇಕಾಗಿಲ್ಲ. ಅಲ್ಲಿ ಮಾಂಸದ ಕ್ಯಾಂಡಿ ಮಾಡಿಕೊಡಲು ಯಾರೂ ಒಪ್ಪಲಿಲ್ಲವಾದ್ದರಿಂದ ನಾನು ಹೊನ್ನಾಳಿಯಿಂದಲೇ ಗೋಣಿಚೀಲದಲ್ಲಿ ಹೊಟ್ಟು ತುಂಬಿ, ಅದರೊಳಗೆ ಕ್ಯಾಂಡಿ ಹೂತು, ಬಸ್ಸು ಬದಲಾಯಿಸಿ ಬದಲಾಯಿಸಿ ತರಬೇಕಾಯಿತು. ದಾವಣಗೆರೆ ದಾಟಿದ ಮೇಲೆ ಚೀಲ ಸೋರತೊಡಗಿತು.

"ಏನಪ್ಪಾ ಅದು?" ಎಂದ ಕಂಡಕ್ಟರ್.

"ಕ್ಯಾಂಡಿ ರೀ," ಎಂದುಬಿಟ್ಟೆ.

ಹಿಂದಿನ ಸೀಟಿನಲ್ಲಿ ಒಂದು ಕೂಸು ಅಳುತ್ತಿತ್ತು. ಅದರ ತಾಯಿ ಮುಂದಕ್ಕೆ ಬಾಗಿದಳು. "ಯಣ್ಣಾ, ಒಂದು ಕ್ಯಾಂಡಿ ಕೊಡಣ್ಣಾ. ಬಿಸ್ಲಿಗೆ ಬಾಯಿ ಒಣಗೈತೆ ಮಗೀಗೆ."

"ಇವು ಮಕ್ಕಳು ತಿನ್ನೋವಲ್ಲಮ್ಮಾ."

"ಮತ್ತೆ ಯಾರು ತಿಂತಾರೆ, ನಿಮ್ಮಜ್ಜನಾ?"

ನಾಯಿ ಎಂದು ಹೇಳಿದ್ದರೆ ಕತೆ ಇನ್ನೂ ಕೆಡುತ್ತಿತ್ತು, ಚೀಲವನ್ನು ಕಾಲಿನ ಹತ್ತಿರ ಎಳೆದುಕೊಂಡೆ. ಇಡೀ ಬಸ್ಸು ನನ್ನ ಮೇಲೆ ತಿರುಗಿತು. ಒಬ್ಬ ಮುದುಕ ನನ್ನಂಥವರಿಂದಲೇ ಮಳೆ ಹೋಯಿತು ಎಂದ. ಕಂಡಕ್ಟರ್ ಚೀಲಕ್ಕೂ ಟಿಕೀಟು ಹರಿದ. ಜಗಳೂರಿನಲ್ಲಿ ಇಳಿದಾಗ ನನ್ನ ಒಂದು ಕಾಲಿನ ಪ್ಯಾಂಟು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಹಿಂದೆ ಮೂರು ಬೀದಿನಾಯಿಗಳು ಬರುತ್ತಿದ್ದವು. ಅವಕ್ಕಾದರೂ ನಾನು ಹೀರೋ.

ಅವತ್ತು ಭಾನುವಾರ, ಮ್ಯಾಟ್ನಿ. ತಗಡಿನ ಥಿಯೇಟರು ಕಾದ ಹೆಂಚಾಗಿತ್ತು, ಆದರೂ ಜನ ತುಂಬಿದ್ದರು. ಮದುವೆ ಸೀನು ಬಂತು. ಹಾಸ್ಯದ ಜೋಡಿ ಹಾಡು ಎತ್ತಿತು. ನಾನು ಕಡ್ಡಿ ಹಿಡಿದು ಅಯ್ಯನವರ ಚೀಲದೊಳಗೆ ಕ್ಯಾಂಡಿ ಇಳಿಸಿದೆ. ಅವರು ಹೋಗಿ ಬೀಗರ ಸಾಲಿನಲ್ಲಿ ಕೈಕಟ್ಟಿ ನಿಂತರು. ಹಾಡು ಮುಗಿಯಿತು. ಲೆಕ್ಕ ಸರಿಯಾಗಿತ್ತು.

"ವನ್ಸ್ ಮೋರ್!" ಎಂದಿತು ಜಗಳೂರು.

ಈ ಒಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊನ್ನಾಳಿಯಲ್ಲಿ ಆ ಹಾಡಿಗೆ ಯಾರೂ ವನ್ಸ್ ಮೋರ್ ಕೊಟ್ಟಿರಲಿಲ್ಲ, ಕೊಡುವಂಥ ಹಾಡೂ ಅಲ್ಲ ಅದು. ಜೋಡಿಗೆ ಆನಂದ ತಡೆಯಲಾಗಲಿಲ್ಲ. ಮತ್ತೆ ಮೊದಲಿಂದ ಹಾಡಿದರು. ಮತ್ತೆ ವನ್ಸ್ ಮೋರ್. ನಾನು ವಿಂಗಿನಿಂದ ಕೈ ಬೀಸುತ್ತಿದ್ದೆ, ಸಾಕು ಎಂದು. ಅವರು ಅದನ್ನು ತಾಳ ಎಂದು ತಿಳಿದರು. ಮೂರನೇ ಸಲ ಹಾಡುವಾಗ ಅಯ್ಯನವರ ಬಿಳಿ ಧೋತ್ರದ ಮೇಲೆ ಕೆಂಪು ಗೆರೆಯೊಂದು ಮೆಲ್ಲಗೆ ಇಳಿಯಿತು.

"ಅಯ್ಯೋ, ಹಿರೇರಿಗೆ ಏನೋ ಆಗೈತ್ರೀ!" ಎಂದು ಹೆಂಗಸರ ಕಡೆಯಿಂದ ಒಂದು ದನಿ ಬಂತು.

ಅಯ್ಯನವರಿಗೆ ಗೊತ್ತಾಗಿತ್ತು. ಅವರು ಜಾಗ ಬದಲಾಯಿಸಿದರು, ಮತ್ತೆ ಬದಲಾಯಿಸಿದರು, ಹೋದಲ್ಲೆಲ್ಲ ಹಲಗೆಯ ಮೇಲೆ ಹನಿ ಬಿತ್ತು. ಅಷ್ಟರಲ್ಲಿ ನಾಯಿ ಬಿಡುವ ಸನ್ನೆಯ ಗಂಟೆ ಹೊಡೆಯಿತು. ಪೀರಣ್ಣ ರೋಜಿಯ ಕೊರಳ ಪಟ್ಟಿ ಬಿಟ್ಟ.

ಪಾಪ, ಅವಳು ಬಂದಳು. ಎಲ್ಲೆಲ್ಲೂ ವಾಸನೆ. ಹಲಗೆ ನೆಕ್ಕಿದಳು. ಮದುಮಗಳ ಸೆರಗು ಮೂಸಿದಳು. ವಾಲಗದವನನ್ನು ಸುತ್ತು ಹಾಕಿದಳು. ಜನ ಕಿಸಕ್ಕೆಂದರು. ಎದುರು ವಿಂಗಿನಲ್ಲಿ ಮಾಲೀಕರು ಬಂದು ನಿಂತಿದ್ದು ಕಂಡಿತು. ನನ್ನ ಪಕ್ಕದಲ್ಲಿ ಪೀರಣ್ಣ ಖಾಲಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ, "ಅಲ್ಲಿ ನೋಡು ತಾಯಿ, ಆ ಕಡಿ ನೋಡು," ಎಂದು ಪಿಸುಗುಟ್ಟುತ್ತಿದ್ದ.

ಅವಳು ಈ ಕಡೆ ನೋಡಿದಳು. ಬೆಳಗಿನಿಂದ ಮಾಂಸದ ಚೀಲ ಹೊತ್ತವನು ನಾನು. ಬಾಲ ಅಲ್ಲಾಡಿಸುತ್ತ ನೆಟ್ಟಗೆ ವಿಂಗಿಗೆ ಬಂದವಳೇ ನನ್ನ ಗುಲಾಬಿ ಪ್ಯಾಂಟನ್ನು ಗಬಕ್ಕನೆ ಹಿಡಿದು ಸ್ಟೇಜಿನ ಮೇಲೆ ಎಳೆದಳು. ಹುಬ್ಬು ಹಾರಿಸುವುದನ್ನು ಅಷ್ಟು ದಿನ ಕಲಿತಿದ್ದೆನಲ್ಲ, ರಂಗಪ್ರವೇಶವಾದಾಗ ಹಾರಿದ್ದು ನಾನು. ಮಂಡಿಯ ಮೇಲೆ ಹೋಗಿ ಪುರೋಹಿತನ ಮುಂದೆ ಬಿದ್ದೆ.

"ಸಿಕ್ಕಬಿದ್ದ ನೋಡ್ರಲೇ ಕೊಲೆಗಾರ!" ಎಂದು ಯಾರೋ ಕೂಗಿದರು. "ಯಾವನೋ ಅವನು? ಇಷ್ಟೊತ್ತು ಕಂಡೇ ಇಲ್ಲ!" ಎಂದ ಇನ್ನೊಬ್ಬ. ಥಿಯೇಟರು ಬಿದ್ದು ಬಿದ್ದು ನಗತೊಡಗಿತು. ಮಾಲೀಕರು ಪರದೆ ಎಳೆಯುವವನಿಗೆ ಕೈ ತೋರಿಸಿದರು. ಪರದೆ ಬಿದ್ದರೆ ಮುಗಿಯಿತು, ರೋಜಿಯದೂ ಪೀರಣ್ಣನದೂ.

ಆಗ ಅಯ್ಯನವರು ನಕ್ಕರು. ಕೂಸುಗಳನ್ನು ಹೆದರಿಸುವ ಆ ನಗು. ಇಡೀ ಥಿಯೇಟರಿನ ನಗು ಅದರೊಳಗೆ ಅಡಗಿಹೋಯಿತು.

"ಬಿಡು! ಆ ಅಮಾಯಕನನ್ನು ಬಿಡು!" ಎಂದು ಗುಡುಗಿದರು. "ಊರು ನಂಬಲಿಲ್ಲ, ಪೊಲೀಸರು ನಂಬಲಿಲ್ಲ, ನನ್ನ ಪಾಪ ಮಾತ್ರ ನನ್ನನ್ನು ಬಿಡಲಿಲ್ಲ! ನೋಡಿ, ಯಜಮಾನನ ರಕ್ತ ನನ್ನ ಮೈಯಿಂದ ಇನ್ನೂ ಇಳಿಯುತ್ತಿದೆ! ಕೊಂದವನು ನಾನು!"

ಅದು ಯಾವ ಪುಸ್ತಕದಲ್ಲೂ ಇಲ್ಲದ ಮಾತು. ಅವರು ಮೂರು ಹೆಜ್ಜೆ ಬಂದು ರೋಜಿಯ ಮುಂದೆ ಮಂಡಿಯೂರಿದರು. ಆ ಕೆಂಪು ಇಳಿದ ಧೋತ್ರದ ಅಂಚನ್ನು, ಹಸಿಮಾಂಸದ ನೀರು ಸೋರುತ್ತಿದ್ದ ಅಂಚನ್ನು, ದಿನಾ ಲಿಂಗ ಹಿಡಿಯುವ ಕೈಯಿಂದಲೇ ಹಿಂಡಿ ಹಿಡಿದು ಅವಳ ಬಾಯಿಗೆ ಕೊಟ್ಟರು. ರೋಜಿ ನನ್ನ ಪ್ಯಾಂಟು ಬಿಟ್ಟು ಅದನ್ನು ಹಿಡಿದಳು.

ಜಗಳೂರಿನ ಆ ತಗಡು ಅವತ್ತು ಹಾರಿಹೋಗದೆ ಉಳಿದದ್ದು ಆಶ್ಚರ್ಯ.

ಶೋ ಮುಗಿದ ಮೇಲೆ ಥಿಯೇಟರಿನ ಹಿಂದಿನ ಬಾವಿಯಿಂದ ನಾನು ಕೊಡ ಕೊಡ ಸೇದಿ ಅಯ್ಯನವರ ತಲೆಗೆ ಸುರಿದೆ. ತೋಳು ಬಿದ್ದುಹೋಗುವಂತಾಯಿತು. ಅವರು ಸಾಕು ಎನ್ನಲಿಲ್ಲ, ನಾನೂ ನಿಲ್ಲಿಸಲಿಲ್ಲ. ಪೀರಣ್ಣ ಬಂದು ದೂರದಲ್ಲಿ ನಿಂತ.

"ಯಾಕ್ರೀ ಅಯ್ಯನೋರೇ, ಅದನ್ನ ಮುಟ್ಟಿದ್ರಿ?" ಎಂದ.

ಅಯ್ಯನವರು ಮುಖದ ನೀರು ಒರೆಸಿಕೊಂಡರು. "ನಾನು ಈ ಕಂಪನಿ ವಿಲನ್ ಹೌದೋ ಅಲ್ಲೋ? ನಾನಿದ್ದಂಗೆ ಈ ನ್ಯಾಮತಿ ಹುಡುಗನ್ನ ಹಿಡಿದ್ರೆ ನನಗೇನೋ ಮರ್ಯಾದಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹಾಕೋ ನೀರು, ನಿಂತ್ಯಾಕೆ," ಎಂದರು.

ಮಾಲೀಕರು ಬುದ್ಧಿವಂತರು. ಸಂಜೆಯೊಳಗೆ ಸೀನನ್ನೇ ತಿದ್ದಿ ಬರೆದಿದ್ದರು. ಇನ್ನು ಮೇಲೆ ರೋಜಿ ಯಾರನ್ನೂ ಹುಡುಕುವುದು ಬೇಡ. ಬಂದು ನಡುವೆ ಕೂತರೆ ಸಾಕು, ಕೊಲೆಗಾರನೇ ಅವಳ ಹತ್ತಿರ ಬಂದು ಒಪ್ಪಿಸಿಕೊಳ್ಳುತ್ತಾನೆ. ಭದ್ರಾವತಿಯ ಮರಿ ಭದ್ರಾವತಿಯಲ್ಲೇ ಉಳಿಯಿತು. ಸಾಹುಕಾರರ ಡಬ್ಬಿ ರೋಜಿಯ ಹೊಟ್ಟೆಗೆ, ಅದನ್ನು ಪೀರಣ್ಣನೇ ಹಾಕುತ್ತಾನೆ. ಐಸಿನ ತಾಪತ್ರಯವಿಲ್ಲ. ಇಷ್ಟನ್ನೂ ಹೇಳಿ ಅವರು ನನ್ನನ್ನು ಕರೆದರು.

"ಅಲ್ಲೋ ಶೇಕ್ರಾ, ನಾಯಿ ಕುಂತಲ್ಲೇ ಕುಂದ್ರತೈತೆ. ಅಯ್ಯನೋರೇ ಅದರ ಹತ್ರ ಹೋಗ್ತಾರೆ. ಜೋಬಿನಾಗೆ ಏನೂ ಇರಂಗಿಲ್ಲ. ಇನ್ನ ನೀನು ಯಾಕೆ?"

ಯೋಚಿಸಿ ನೋಡಿದೆ. ನನಗೂ ಗೊತ್ತಾಗಲಿಲ್ಲ, ಹೋಗಿ ಗಂಟು ಕಟ್ಟಿದೆ.

ಊರಿಗೆ ಬಸ್ಸಿರಲಿಲ್ಲವಾದ್ದರಿಂದ ಆ ಸಂಜೆಯ ಆಟವನ್ನು ವಿಂಗಿನಲ್ಲಿ ನನ್ನ ಗಂಟಿನ ಮೇಲೆ ಕೂತು ನೋಡಿದೆ. ಕಣ್ಣು ಎಳೆಯುತ್ತಿದ್ದವು. ಅಯ್ಯನವರು ಒಗೆದ ಧೋತ್ರ ಉಟ್ಟು, ವಿಭೂತಿಯ ವಾಸನೆ ಬಿಟ್ಟರೆ ಇನ್ಯಾವ ವಾಸನೆಯೂ ಇಲ್ಲದೆ, ರೋಜಿಯ ಮುಂದೆ ಮಂಡಿಯೂರಿ ಅಂಚನ್ನು ಚಾಚಿದರು. ರೋಜಿ ಒಂದು ಗಳಿಗೆ ಅವರ ಮುಖ ನೋಡಿ ಹಿಡಿದಳು. ಶಿಳ್ಳೆಗಳ ನಡುವೆ ಪರದೆ ಬಿತ್ತು. ಪರದೆ ಬಿದ್ದ ಮೇಲೂ ಅವಳು ಬಿಡಲಿಲ್ಲ. ಕಚ್ಚಿಕೊಂಡೇ ಕಣ್ಣು ಮುಚ್ಚಿದ್ದಳು. ಮುಂದಿನ ಸೀನಿನ ಜೈಲನ್ನು ಹೊತ್ತು ಇಬ್ಬರು ನಿಂತಿದ್ದರು, ಮಾಲೀಕರು ಲೇಟಾಯಿತೆಂದು ಕುಣಿಯುತ್ತಿದ್ದರು. ಪೀರಣ್ಣ ಬಿಡಿಸಲು ಓಡಿಬಂದು ಅವಳ ದವಡೆಗೆ ಕೈಹಾಕಿದ.

"ಜಗ್ಗಬ್ಯಾಡೋ," ಎಂದರು ಅಯ್ಯನವರು, ಮಂಡಿಯ ಮೇಲೆಯೇ ಕೂತು. "ಹಲ್ಲು ನೊಂದಾವು. ತಾನಾಗೇ ಬಿಡ್ತಾಳೆ, ತಡಿ."

ಆಚೆ ಜನ ಚಪ್ಪಾಳೆ ಹಾಕಿ ಕರೆಯುತ್ತಿದ್ದರು. ಈಚೆ ನಾವೆಲ್ಲ, ಜೈಲು ಹೊತ್ತವರೂ ಸೇರಿ, ಅವಳು ಬಿಡುವ ತನಕ ಕಾದೆವು.